ಮೊದಲು ಲೆಕ್ಕದ ಪುಸ್ತಕ, ಆಮೇಲೆ ಸಿಮೆಂಟು: ಮಕ್ವೇನಿಯಲ್ಲಿ ನನ್ನ ಅನುಭವ

ಕೀನ್ಯಾದಲ್ಲಿ ನೈರೋಬಿಯಿಂದ ಮೊಂಬಾಸಾಗೆ ಹೋಗುವ ಹೆದ್ದಾರಿಯ ಆಸುಪಾಸಿನಲ್ಲಿ ಮಕ್ವೇನಿ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಆದರೆ 2013ರಿಂದ ಅದಕ್ಕೆ ಜನರೇ ಆರಿಸಿದ ಸರ್ಕಾರ, ತನ್ನದೇ ಬಜೆಟ್ಟು. ಇಲ್ಲಿನವರು ಹೆಚ್ಚಾಗಿ ಕಾಂಬಾ ಜನ. ಅವರೇ ಕಟ್ಟಿಕೊಂಡ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಕರಪತ್ರದಲ್ಲಿ 'ಸಮಗ್ರ ಸುಸ್ಥಿರ ಅಭಿವೃದ್ಧಿ' ಅಂತ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಕೇಳಲು ಚೆನ್ನಾಗಿದೆ. ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ನೀರು, ಬೆಳೆ, ಮರ, ಆರೋಗ್ಯ, ಹೆಣ್ಣುಮಕ್ಕಳ ಓದು, ಉಳಿತಾಯ ಎಲ್ಲವೂ ಬೇಕು, ಸರಿ. ಯಾವುದು ಮೊದಲು, ಯಾವುದು ಆಮೇಲೆ? ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಹೊರಗಿನಿಂದ ಬಂದವರಿಗೆ ನೀರೇ ಮೊದಲು ಅನಿಸುತ್ತದೆ. ಹೆಂಗಸರು ಕತ್ತೆಯ ಮೇಲೆ ಹಳದಿ ಕ್ಯಾನುಗಳನ್ನು ಹೇರಿಕೊಂಡು ಗಂಟೆಗಟ್ಟಲೆ ನಡೆಯುವುದನ್ನು ಕಂಡರೆ ಬೇರೆ ಏನು ತಾನೇ ತೋಚುತ್ತದೆ? ಆದರೂ ನಾವು ಶುರು ಮಾಡುವುದು ಉಳಿತಾಯದಿಂದ. ಹೊಳೆಗೆ ಒಡ್ಡು ಕಟ್ಟಬೇಕಾದರೆ ಹತ್ತಾರು ಮನೆಯವರು ತಿಂಗಳುಗಟ್ಟಲೆ ಕಲ್ಲು ಹೊರಬೇಕು. ಐವತ್ತು ಶಿಲಿಂಗಿನ ಲೆಕ್ಕದಲ್ಲಿ ಒಬ್ಬರನ್ನೊಬ್ಬರು ನಂಬದವರು ಕಲ್ಲು ಹೊರುವಾಗ ನಂಬುತ್ತಾರಾ?

ಗುಂಪನ್ನು ನಾವು ಹೊಸದಾಗಿ ಕಟ್ಟಬೇಕಿಲ್ಲ. ಕಾಂಬಾ ಜನರಲ್ಲಿ ಮ್ವೇಥ್ಯಾ ಅಂತ ಹಳೆಯ ಪದ್ಧತಿ ಇದೆ. ನಮ್ಮ ಕಡೆಯ ಮುಯ್ಯಾಳು ಗೊತ್ತಲ್ಲ, ಅದೇ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಈಗಿನ ಗುಂಪುಗಳಲ್ಲಿ ಹೆಂಗಸರೇ ಜಾಸ್ತಿ. ವಾರಕ್ಕೊಮ್ಮೆ ಮರದ ಕೆಳಗೆ ಸೇರುತ್ತಾರೆ. ನಡುವೆ ಮೂರು ಬೀಗದ ತಗಡಿನ ಪೆಟ್ಟಿಗೆ. ಮೂರು ಕೀಲಿ ಮೂವರ ಕೈಯಲ್ಲಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಈ ಮಾದರಿಯನ್ನು ಕೇರ್ ಅನ್ನುವ ಅಂತರರಾಷ್ಟ್ರೀಯ ಸೇವಾ ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಶುರು ಮಾಡಿತು. ಈಗ ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಇದೆ. ದುಡ್ಡು ಹಾಕುವುದು, ಸಾಲ ಕೊಡುವುದು, ಬಡ್ಡಿ ಕಟ್ಟುವುದು ಎಲ್ಲವೂ ಎಲ್ಲರ ಕಣ್ಣೆದುರು ನಡೆಯಬೇಕು. ವರ್ಷದ ಕೊನೆಗೆ ಕೂಡಿದ್ದನ್ನು ಹಂಚಿಕೊಳ್ಳುತ್ತಾರೆ.

2007ರಲ್ಲಿ ಫೋನಿನಿಂದಲೇ ದುಡ್ಡು ಕಳಿಸುವ ಎಂ-ಪೆಸಾ ಬಂದಮೇಲೆ ಇಲ್ಲಿ ಸೊಪ್ಪು ಮಾರುವವರೂ ಫೋನಿನಲ್ಲೇ ದುಡ್ಡು ಪಡೆಯುತ್ತಾರೆ. ಪೆಟ್ಟಿಗೆ ಯಾಕೆ, ಫೋನಿನಲ್ಲೇ ಇಡೋಣ ಅಂತ ಹುಡುಗರು ಆಗಾಗ ಕೇಳುತ್ತಾರೆ. ನನಗೆ ಪೆಟ್ಟಿಗೆಯೇ ಇಷ್ಟ. ಓದು ಬಾರದ ಅಜ್ಜಿಗೂ ನಾಣ್ಯ ಎಣಿಸುವುದು ಕಾಣುತ್ತದೆ. ಫೋನಿನ ಮೆಸೇಜು ಒಬ್ಬರಿಗೆ ಮಾತ್ರ ಕಾಣುತ್ತದೆ.

ಒಂದು ಪೂರ್ತಿ ಬೇಸಾಯದ ಕಾಲ ಈ ಉಳಿತಾಯ, ಸಾಲದ ಲೆಕ್ಕದ ಪುಸ್ತಕವನ್ನು ಸರಿಯಾಗಿ ಇಟ್ಟ ಗುಂಪಿನ ಜೊತೆ ಮಾತ್ರ ನಾವು ಒಡ್ಡಿನ ಮಾತು ಎತ್ತುತ್ತೇವೆ. ಇದು ಕಟುವಾಗಿ ಕೇಳಿಸಬಹುದು. ಆದರೆ ಹೊರಗಿನ ದುಡ್ಡಿನಿಂದ ಕೊಡುವುದು ಸಿಮೆಂಟು, ಕಂಬಿ ಮತ್ತು ಮೇಸ್ತ್ರಿಯ ಕೂಲಿ ಅಷ್ಟೇ. ಕಲ್ಲು, ಮರಳು, ನೀರು, ಮೈದುಡಿಮೆ ಎಲ್ಲ ಗುಂಪಿನದು. ಯಾರು ಯಾವ ದಿನ ಬಂದರು ಅಂತ ಅದೇ ಪುಸ್ತಕದಲ್ಲಿ ಬರೆಯುತ್ತಾರೆ.

ಇನ್ನು ಒಡ್ಡಿನ ವಿಷಯ. ಇಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಕಾಂಬಾ ಸೀಮೆಯಲ್ಲಿ ರೈತರು ನಂಬುವುದು ಎರಡನೆಯದನ್ನು. ಮಳೆ ಬಂದಾಗ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತದೆ, ಬೇಗ ನಿಂತೂ ಹೋಗುತ್ತದೆ. ಉಳಿಯುವುದು ಬರೀ ಮರಳು. ನಾನು ಪಾವಗಡದ ಕಡೆಯವನು. ಮರಳಿನ ಹಳ್ಳದಲ್ಲಿ ಒರತೆ ತೋಡುವುದನ್ನು, ತಲಪರಿಗೆ ಅನ್ನುವ ಒರತೆ ಗುಂಡಿಗಳನ್ನು ನೋಡಿ ಬೆಳೆದವನು. ಹಾಗಾಗಿ ಇಲ್ಲಿನ ಹೆಂಗಸರು ಮರಳು ಬಗೆದು ಸೋರೆ ಬುರುಡೆಯಲ್ಲಿ ನೀರು ತುಂಬುವುದನ್ನು ಕಂಡಾಗ ಅದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ನಾವು ಕಟ್ಟುವ ಒಡ್ಡಿಗೆ ಸ್ಯಾಂಡ್ ಡ್ಯಾಂ, ಅಂದರೆ ಮರಳಿನ ಒಡ್ಡು, ಅನ್ನುತ್ತಾರೆ. ಅದು ಮಾಡುವುದು ಆ ಒರತೆಯನ್ನು ದೊಡ್ಡದು ಮಾಡುವ ಕೆಲಸ. ಹೊಳೆಗೆ ಅಡ್ಡಲಾಗಿ, ಕೆಳಗಿನ ಹಾಸುಬಂಡೆಯ ಮೇಲೆ ಕಲ್ಲು ಮತ್ತು ಸಿಮೆಂಟಿನ ಗೋಡೆ ಕಟ್ಟುತ್ತೇವೆ. ಹೊಳೆ ಬಂದಾಗ ಭಾರದ ಮರಳು ಗೋಡೆಯ ಹಿಂದೆ ಕೂರುತ್ತದೆ, ಹಗುರವಾದ ಹೂಳು ಮೇಲಿಂದ ಹಾರಿ ಹೋಗುತ್ತದೆ. ಕೆಲವು ಮಳೆಗಾಲದಲ್ಲಿ ಹಿಂದಿನ ಜಾಗವೆಲ್ಲ ಮರಳು ತುಂಬಿಕೊಳ್ಳುತ್ತದೆ. ನೀರು ಇರುವುದು ಆ ಮರಳಿನ ಸಂದಿಯಲ್ಲಿ. ಎರಡಡಿ ಕೆಳಗೆ ಹೋದರೆ ಬಿಸಿಲು ಹೆಚ್ಚೇನೂ ಹೀರಲಾರದು. ನಿಂತ ನೀರು ಇಲ್ಲದ ಕಾರಣ ಸೊಳ್ಳೆಗೂ ಮೊಟ್ಟೆ ಇಡಲು ಜಾಗವಿಲ್ಲ. ಮಲೇರಿಯಾ ಇರುವ ಊರಲ್ಲಿ ಇದೂ ಸಣ್ಣ ಲಾಭವಲ್ಲ.

ಜಾಗ ಹುಡುಕುವಾಗ ನಾನು ಮೊದಲು ಕೇಳುವುದು ವಯಸ್ಸಾದ ಹೆಂಗಸರನ್ನು. "ಮ್ವೈತು, ಸೆಪ್ಟೆಂಬರಿನಲ್ಲಿ ನೀವು ಎಲ್ಲಿ ತೋಡುತ್ತೀರಿ?" ಅಂತ. ಮ್ವೈತು ಅಂದರೆ ಅಮ್ಮ. ಸೆಪ್ಟೆಂಬರ್ ಅಂದರೆ ಒಣ ಕಾಲದ ಕೊನೆ. ಆಗಲೂ ಒರತೆ ಬತ್ತದ ಜಾಗದ ಕೆಳಗೆ ಸಾಮಾನ್ಯವಾಗಿ ಬಂಡೆ ಇರುತ್ತದೆ. ದಡದಲ್ಲಿ ಮುಕುಯು ಅನ್ನುವ ಅತ್ತಿ ಜಾತಿಯ ಮರ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಕಬ್ಬಿಣದ ಸಲಾಕೆಯನ್ನು ಬಡಿದು ಬಡಿದು ಬಂಡೆ ಎಷ್ಟು ಆಳದಲ್ಲಿದೆ ಅಂತ ನೋಡುತ್ತೇವೆ.

ಮರಳಿನ ಪರೀಕ್ಷೆಗೆ ಲ್ಯಾಬು ಬೇಕಿಲ್ಲ. 20 ಲೀಟರಿನ ಒಂದು ಕ್ಯಾನಿಗೆ ಒಣ ಮರಳು ತುಂಬಿ, ಅದು ಹೀರುವಷ್ಟು ನೀರು ಹೊಯ್ದು, ತಳಕ್ಕೆ ತೂತು ಕೊರೆದು, ಇಳಿದು ಬಂದ ನೀರನ್ನು ಅಳೆಯುವುದು. ದಪ್ಪ ಮರಳಾದರೆ ಕ್ಯಾನಿನ ಮೂರರಲ್ಲೊಂದು ಪಾಲಿನ ಹತ್ತಿರ ನೀರು ಸಿಗುತ್ತದೆ. ನುಣ್ಣನೆಯ ಹೂಳಾದರೆ ನೀರು ಒಳಗೇ ಅಂಟಿಕೊಂಡು ಕೂರುತ್ತದೆ. ಹಾಗಿದ್ದರೆ ಅಲ್ಲಿ ಕಟ್ಟುವುದಿಲ್ಲ. ಎಷ್ಟೇ ಕೈ ಮುಗಿದು ಕೇಳಿದರೂ ಕಟ್ಟುವುದಿಲ್ಲ.

ಗೋಡೆಯ ಎರಡು ರೆಕ್ಕೆಗಳು ದಡದೊಳಕ್ಕೆ ಚೆನ್ನಾಗಿ ಹೋಗಿರಬೇಕು. ಇಲ್ಲದಿದ್ದರೆ ಹೊಳೆ ಪಕ್ಕದಿಂದ ಮಣ್ಣು ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ, ಗೋಡೆ ನಡುವೆ ಒಂಟಿಯಾಗಿ ನಿಂತಿರುತ್ತದೆ. ಕಾಗದದ ಕೆಲಸವೂ ಇದೆ: ಜಲ ಪ್ರಾಧಿಕಾರದ ಅನುಮತಿ, ಗುಂಪಿನ ನೋಂದಣಿ, ಎರಡೂ ದಡದ ಹೊಲದವರ ಒಪ್ಪಿಗೆ. ಮೂರನೆಯದರಲ್ಲಿ ನಾನು ಬಿಗಿ. ದಾರಿ ಎಲ್ಲಿ, ಪಂಪು ಎಲ್ಲಿ, ದನ ಎಲ್ಲಿ ನೀರು ಕುಡಿಯಬೇಕು ಅಂತ ಬರೆಸಿ, ಊರಿನ ಚೀಫ್, ಅಂದರೆ ಸರ್ಕಾರದ ಸ್ಥಳೀಯ ಅಧಿಕಾರಿ, ಕರೆದ ಸಭೆಯಲ್ಲಿ ಓದಿಸಿ, ಸಹಿ ಹಾಕಿಸುತ್ತೇನೆ. ನೀರು ಬಂದಮೇಲೆ ನೆನಪುಗಳು ಬದಲಾಗುತ್ತವೆ.

ಒಡ್ಡಿನ ಜೊತೆಗೇ ಮೇಲಿನ ಇಳಿಜಾರಿನಲ್ಲಿ ಬದು. ಇದಕ್ಕೆ ಒಪ್ಪದ ಗುಂಪಿಗೆ ಸಿಮೆಂಟು ಇಲ್ಲ. ಬದು ಇಲ್ಲದಿದ್ದರೆ ಹೊಲದ ಮಣ್ಣೆಲ್ಲ ಹೊಳೆಗೆ ಬಂದು ಒಡ್ಡಿನಲ್ಲಿ ಮರಳಿನ ಬದಲು ಹೂಳು ತುಂಬುತ್ತದೆ. ಇಲ್ಲಿನವರು ಮಾಡುವುದು ಫಾನ್ಯಾ ಜೂ: ಕಾಲುವೆ ತೋಡಿ ಮಣ್ಣನ್ನು ಮೇಲಿನ ಕಡೆಗೆ ಎಸೆಯುವುದು. ವರ್ಷ ಕಳೆದಂತೆ ಇಳಿಜಾರು ತಾನಾಗಿ ಮೆಟ್ಟಿಲಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಇದೇ ಕಾಂಬಾ ಜನರಿಂದ ಬಲವಂತವಾಗಿ ಬದು ಹಾಕಿಸಿದ್ದರು. ಜನ ಅದನ್ನು ದ್ವೇಷಿಸಿದರು. ಸ್ವಾತಂತ್ರ್ಯ ಬಂದಮೇಲೆ ತಮ್ಮದೇ ಮ್ವೇಥ್ಯಾ ಗುಂಪುಗಳಲ್ಲಿ ತಾವಾಗಿಯೇ ಬೆಟ್ಟಗಳ ತುಂಬ ಬದು ಕಟ್ಟಿಕೊಂಡರು. ಬದುವಿನ ಅಂಚಿಗೆ ಹುಲ್ಲು ನೆಡುತ್ತಾರೆ, ಅದು ಹಸುವಿಗೆ ಮೇವು.

ಬೆಳೆಯ ವಿಷಯದಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ. ಮಳೆ ಕೈಕೊಟ್ಟರೆ ಮೆಕ್ಕೆಜೋಳ ಹೋಗುತ್ತದೆ ಅಂತ ಅವರಿಗೂ ಗೊತ್ತು. ಆದರೂ ಬಿತ್ತುತ್ತಾರೆ, ಊಟ ಅದೇ ತಾನೇ. ಬಿಡಿ ಅನ್ನಲು ನಾನು ಯಾರು? ಪಕ್ಕದಲ್ಲಿ ಹೆಸರು, ಅಲಸಂದೆ, ತೊಗರಿ ಇರಲಿ ಅನ್ನುತ್ತೇನೆ. ಹೆಸರುಕಾಳು ಎರಡು ತಿಂಗಳ ಚಿಲ್ಲರೆಯಲ್ಲಿ ಕೈಗೆ ಬಂದು ದುಡ್ಡಾಗುತ್ತದೆ. ಹಸಿ ತೊಗರಿಕಾಯಿ ಬಿಡಿಸಿ ಬೇಯಿಸುವುದು ಇಲ್ಲೂ ಉಂಟು.

ತೊಗರಿಯ ಬಗ್ಗೆ ಒಂದು ಮುಜುಗರದ ವಿಷಯ. ಪೂರ್ವ ಆಫ್ರಿಕಾದ ತೊಗರಿಗೆ ದೊಡ್ಡ ಗಿರಾಕಿ ಭಾರತವೇ. 2017ರಲ್ಲಿ ನಮ್ಮಲ್ಲಿ ಬೆಳೆ ಜಾಸ್ತಿಯಾಗಿ ಬೆಲೆ ಬಿದ್ದಾಗ ಕೇಂದ್ರ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಕಲಬುರಗಿಯ ರೈತರ ಕಡೆಯಿಂದ ನೋಡಿದರೆ ಸರಿಯೇ. ಇಲ್ಲಿ ಈ ಕಡೆಯ ದೇಶಗಳಲ್ಲಿ ಬೆಲೆ ಕುಸಿಯಿತು. ದೂರದ ಒಂದು ಮಾರುಕಟ್ಟೆ ನಂಬಿ ಇಡೀ ಹೊಲಕ್ಕೆ ಒಂದೇ ಬೆಳೆ ಹಾಕಿ ಅಂತ ಸಲಹೆ ಕೊಡುವ ತಜ್ಞರು ಬಂದಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ.

ನೀರು ಹತ್ತಿರ ಬಂದಮೇಲೆ ಉಳಿದದ್ದು ತಾನಾಗಿ ಎಳೆದುಕೊಂಡು ಬರುತ್ತದೆ. ದಡದಲ್ಲಿ ಸುಕುಮಾ ವೀಕಿ ಅನ್ನುವ ಸೊಪ್ಪು, ಟೊಮೆಟೊ, ಮಾವಿನ ಕಸಿ ಗಿಡಗಳ ನರ್ಸರಿ. ನೀರಿಗೆ ಹೋಗುತ್ತಿದ್ದ ಹುಡುಗಿ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿರುತ್ತಾಳೆ. ತೆರೆದ ಒರತೆಯಲ್ಲಿ ಕತ್ತೆ ಲದ್ದಿಯೂ ಬೀಳುತ್ತದೆ. ಅದಕ್ಕೆ ದಡದಲ್ಲಿ ಮುಚ್ಚಿದ ಬಾವಿ, ಕೈಪಂಪು, ಸುತ್ತ ಮುಳ್ಳುಬೇಲಿ. ಪಂಪು ಕೆಟ್ಟಾಗ ರಿಪೇರಿ ದುಡ್ಡು ಬರುವುದು ಅದೇ ತಗಡಿನ ಪೆಟ್ಟಿಗೆಯಿಂದ.

ದಾನಿಗಳಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟ. ಒಂದು ದಾನಿ ಸಂಸ್ಥೆಯವರು ಒಂದೇ ವರ್ಷದಲ್ಲಿ ವರದಿಯ ಎಲ್ಲ ಕಾಲಂ ತುಂಬಿಸಿ ಅಂದರು. ಮೊದಲ ವರ್ಷ ನಮ್ಮ ಹತ್ತಿರ ತೋರಿಸಲು ಇರುವುದು ಒಂದು ಪೆಟ್ಟಿಗೆ, ಒಂದು ಪುಸ್ತಕ. ಫೋಟೊಗೆ ಚೆನ್ನಾಗಿ ಬರುವುದಿಲ್ಲ. ಅವರ ದುಡ್ಡು ಬೇಡ ಅಂದೆವು. ಆ ವರ್ಷ ಒಡ್ಡು ಕಡಿಮೆಯಾದವು, ನಿಜ.

ಈಗಿನ ತಲೆನೋವು ಮರಳಿನದು. ನೈರೋಬಿಯ ಕಟ್ಟಡಗಳಿಗೆ ಇಲ್ಲಿನ ಹೊಳೆಯ ಮರಳೇ ಬೇಕು. ರಾತ್ರಿ ಲಾರಿ ಬರುತ್ತದೆ. ಮರಳು ಹೋದರೆ ನೀರಿನ ತೊಟ್ಟಿಯೇ ಹೋದಂತೆ. ಮಕ್ವೇನಿ ಕೌಂಟಿ 2015ರಲ್ಲೇ ಮರಳು ಉಳಿಸುವ ಕಾನೂನು ಮಾಡಿದೆ. ಆದರೆ ನಡುರಾತ್ರಿ ಹೊಳೆಯ ದಡದಲ್ಲಿ ಕಾನೂನು ಇರುವುದಿಲ್ಲ, ಗುಂಪಿನವರೇ ಇರಬೇಕು. ಪಾಳಿ ಹಾಕಿಕೊಂಡಿದ್ದಾರೆ. ಲಾರಿಯ ಸದ್ದು ಕೇಳಿದವರು ಫೋನ್ ಮಾಡಬೇಕು, ಯಾರೂ ಒಬ್ಬರೇ ಎದುರು ಹೋಗಬಾರದು ಅಂತ ನಿಯಮ. ಊರಿನದೇ ಕೆಲವು ಹುಡುಗರು ಲಾರಿಗೆ ಮರಳು ತುಂಬುವ ಕೂಲಿಗೆ ಹೋಗುತ್ತಾರೆ. ಅವರ ಮೇಲೆ ದೂರು ಕೊಡಬೇಕಾ, ಗುಂಪಿನ ಸಾಲದಲ್ಲಿ ನರ್ಸರಿ ಹಾಕಿಕೊಡಬೇಕಾ ಅಂತ ಕಳೆದ ಸಭೆಯಲ್ಲಿ ಮಧ್ಯಾಹ್ನದವರೆಗೂ ವಾದ ನಡೆಯಿತು. ಇಬ್ಬರಿಗೆ ಸಾಲ ಕೊಡುವುದು ಅಂತ ಆಯಿತು. ಜಾಮೀನು ಹಾಕಿದವರು ಅವರ ಅಮ್ಮಂದಿರು.