ವಾದ ಬೇಡ, ಜೊತೆಗಿರಿ: ಅಲ್ಝೈಮರ್ ಇರುವವರೊಂದಿಗೆ ಮಾತನಾಡುವ ಬಗೆ

“ಈಗಷ್ಟೇ ಹೇಳಿದೆನಲ್ಲ, ಎಷ್ಟು ಸಲ ಕೇಳುತ್ತೀರಿ?” ಮರೆವಿನ ಕಾಯಿಲೆಯಾದ ಅಲ್ಝೈಮರ್ ಇರುವವರನ್ನು ನೋಡಿಕೊಳ್ಳುವವರ ಬಾಯಲ್ಲಿ ಈ ಮಾತು ಬರದ ದಿನವಿಲ್ಲ. ಆದರೆ ಕೇಳಿದವರಿಗೆ ಅದು ಮೊದಲ ಸಲವೇ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಈ ಕಾಯಿಲೆ ಸಾಮಾನ್ಯವಾಗಿ ಬೇಗನೆ ಪೆಟ್ಟು ಕೊಡುತ್ತದೆ. ಹಾಗಾಗಿ ಬಾಲ್ಯ ನೆನಪಿದ್ದರೂ ಬೆಳಗಿನ ತಿಂಡಿ ನೆನಪಿರುವುದಿಲ್ಲ.

ಹಾಗೆಂದು, ಗದರಿಸಿದ್ದನ್ನೂ ಮರೆತುಬಿಡುತ್ತಾರೆ ಎಂದುಕೊಳ್ಳಬೇಡಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಯಿಲೆ ಇರುವವರಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋಡಿದ್ದು ಮರೆತುಹೋದ ಮೇಲೂ ಅದು ಎಬ್ಬಿಸಿದ ಭಾವ ಉಳಿದಿತ್ತು. ಕಾರಣ ತಿಳಿಯದ ಬೇಸರ ಹೊತ್ತು ಕೂರುವುದು ಎಷ್ಟು ಕಷ್ಟವೆಂದು ಯೋಚಿಸಿ.

1. ಎದುರಿನಿಂದ ಬನ್ನಿ. ಹಿಂದಿನಿಂದ ಬಂದು ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾರೆ. ಟಿ.ವಿ. ಆರಿಸಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತು, ನೀವು ಯಾರೆಂದು ನೀವೇ ಹೇಳಿ. ಕನ್ನಡಕ, ಶ್ರವಣಸಾಧನ ಬಳಸುವವರಾದರೆ ಅವನ್ನು ಹಾಕಿಕೊಂಡಿದ್ದಾರೆಯೇ ನೋಡಿ.

2. ಒಮ್ಮೆಗೆ ಒಂದೇ ಮಾತು. “ಸ್ನಾನ ಮುಗಿಸಿ, ಬಟ್ಟೆ ಹಾಕಿಕೊಂಡು ಬನ್ನಿ” ಎಂಬುದರೊಳಗೆ ಹತ್ತಾರು ಕೆಲಸಗಳಿವೆ. ಅಂಗಿಯನ್ನು ಬಿಡಿಸಿ ಹಿಡಿದು, “ಈ ಕೈ ಇಲ್ಲಿ ಹಾಕಿ” ಎನ್ನಿ. ಆಮೇಲೆ ಸುಮ್ಮನಿರಿ. ಮಾತು ತಲೆಗೆ ಹೋಗಿ ಕೈಗೆ ಇಳಿಯಲು ಹೊತ್ತು ಹಿಡಿಯುತ್ತದೆ. ನಡುವೆ ಅವಸರಪಡಿಸಿದರೆ ಮತ್ತೆ ಮೊದಲಿನಿಂದ ಶುರು. ಗುಂಡಿಯನ್ನು ಅವರೇ ಹಾಕಿಕೊಳ್ಳುವುದಾದರೆ ಹಾಕಿಕೊಳ್ಳಲಿ, ತಡವಾದರೂ ಚಿಂತೆಯಿಲ್ಲ.

3. ಪರೀಕ್ಷೆ ಮಾಡಬೇಡಿ. “ನಾನು ಯಾರು, ಹೇಳಿ ನೋಡೋಣ” ಎಂದು ಬಂದವರೆಲ್ಲ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳಿದರೂ ಅದು ಅವಮಾನ. ಮನೆಗೆ ಬರುವವರಿಗೆ ಬಾಗಿಲಲ್ಲೇ ಈ ವಿಷಯ ತಿಳಿಸಿಬಿಡಿ.

4. ತಿದ್ದುವ ಬದಲು ಭಾವಕ್ಕೆ ಉತ್ತರಿಸಿ. ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಸ್ವಂತ ಮನೆಯಲ್ಲೇ ಕುಳಿತು “ಮನೆಗೆ ಹೋಗಬೇಕು” ಎನ್ನುತ್ತಾರೆ. “ಇದೇ ನಿಮ್ಮ ಮನೆ” ಎಂದರೆ ಜಗಳ ಶುರುವಾಗುತ್ತದೆ. ಅನೇಕರಲ್ಲಿ ಸಂಜೆಯ ಹೊತ್ತಿಗೆ ಈ ಚಡಪಡಿಕೆ ಹೆಚ್ಚು. “ಮನೆಯಲ್ಲಿ ಯಾರೆಲ್ಲ ಇದ್ದರು?” ಎಂದು ಕೇಳಿ, ಮಾತು ಬೆಳೆಸಿ, ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ. ಎಂದೋ ತೀರಿಕೊಂಡ ತಾಯಿ ಎಲ್ಲಿ ಎಂದು ಕೇಳಿದರೂ ಅಷ್ಟೇ. ಸಾವಿನ ಸುದ್ದಿಯನ್ನು ಪ್ರತಿಸಲ ಹೊಸದಾಗಿ ಕೇಳಿಸುವ ಸತ್ಯನಿಷ್ಠೆ ಯಾರಿಗೂ ಬೇಕಿಲ್ಲ. ಹಾಗೆಂದು ಕಥೆ ಕಟ್ಟಬೇಕಾಗಿಯೂ ಇಲ್ಲ: “ಅಮ್ಮನ ನೆನಪಾಯಿತೇ? ಅವರ ಬಗ್ಗೆ ಹೇಳಿ” ಎಂದರೆ ಸಾಕು.

5. ಮಾತು ಸೋತಲ್ಲಿ ಮೈಯನ್ನು ಗಮನಿಸಿ. ನೋವನ್ನು ಹೇಳಲಾರದವರು ಮುಖ ಕಿವುಚುತ್ತಾರೆ, ತಟ್ಟೆ ತಳ್ಳುತ್ತಾರೆ, ಮುಟ್ಟಲು ಬಂದವರ ಕೈ ಕೊಡವುತ್ತಾರೆ. ಅದನ್ನು ಹಟವೆಂದು ತೀರ್ಮಾನಿಸುವ ಮೊದಲು ಹಲ್ಲುನೋವು, ಮಲಬದ್ಧತೆ, ಬಿಗಿಯಾದ ಚಪ್ಪಲಿ ಇವನ್ನೆಲ್ಲ ಪರಿಶೀಲಿಸಿ. ಒಂದೆರಡು ದಿನಗಳಲ್ಲೇ ಗೊಂದಲ ಹಠಾತ್ತನೆ ಹೆಚ್ಚಿದರೆ, ಕಾಯಿಲೆ ಮುಂದುವರಿದಿದೆ ಎಂದು ಸುಮ್ಮನಾಗಬೇಡಿ. ಮೂತ್ರದ ಸೋಂಕು, ನಿರ್ಜಲೀಕರಣ ಅಥವಾ ಹೊಸ ಔಷಧ ಕಾರಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

6. ನಿಮ್ಮ ಪಾಳಿ ಮುಗಿಯಲಿ. ಸಿಟ್ಟು ನೆತ್ತಿಗೇರಿದಾಗ, ಅವರು ಸುರಕ್ಷಿತವಾಗಿದ್ದರೆ, ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ಬನ್ನಿ. “ಏನಾದರೂ ಬೇಕಿದ್ದರೆ ಹೇಳಿ” ಎನ್ನುವ ನೆಂಟರಿಗೆ ವಾರದ ಒಂದು ಮಧ್ಯಾಹ್ನದ ಹೊಣೆಯನ್ನು, ಯಾವ ದಿನವೆಂದು ಹೇಳಿ, ವಹಿಸಿಬಿಡಿ.