ಗೆಳೆಯರ ಜೊತೆ ಹಂಪಿ-ಬಾದಾಮಿ ಫೋಟೋ ಟ್ರಿಪ್: ಬಿಸಿಲು ನೋಡಿ ಪ್ಲಾನ್ ಮಾಡಿ

ಫೋಟೋ ಟ್ರಿಪ್ ಅಂತ ವಾಟ್ಸಾಪ್ ಗ್ರೂಪ್ ಮಾಡಿದ ತಕ್ಷಣ ಯಾರಾದರೂ ಒಬ್ಬರು ಕೇಳುತ್ತಾರೆ, "ನಾಲ್ಕು ದಿನದಲ್ಲಿ ಎಷ್ಟು ಜಾಗ ಕವರ್ ಮಾಡಬಹುದು?" ಆ ಲೆಕ್ಕವನ್ನು ಮೊದಲು ಬಿಡಿ. ಫೋಟೋ ತೆಗೆಯೋಕೆ ಹೋಗುವವರು ಕೇಳಬೇಕಾದ್ದು ಒಂದೇ: ಯಾವ ಕಲ್ಲಿನ ಮೇಲೆ ಯಾವ ಹೊತ್ತಿಗೆ ಬಿಸಿಲು ಬೀಳುತ್ತದೆ? ಅದು ಗೊತ್ತಾದರೆ ಎಲ್ಲಿ ಉಳಿಯಬೇಕು, ಎಷ್ಟೊತ್ತಿಗೆ ಏಳಬೇಕು, ಊಟ ಯಾವಾಗ, ಎಲ್ಲ ತಾನಾಗಿ ಕೂಡಿಬರುತ್ತದೆ. ಭಾರತದಲ್ಲಿ ಫೋಟೋಗೆ ಜಾಗಗಳು ನೂರಾರು ಇವೆ. ಆದರೆ ಮೊದಲ ಸಲ ಗೆಳೆಯರ ಗುಂಪು ಕಟ್ಟಿಕೊಂಡು ಹೊರಡುವವರಿಗೆ ನಾನು ಹೇಳುವುದು ಹಂಪಿ ಮತ್ತು ಬಾದಾಮಿ. ಬೆಟ್ಟ, ಹೊಳೆ, ದೇವಸ್ಥಾನ, ಜನ, ಪ್ರಾಣಿ ಎಲ್ಲ ಇದೆ, ಮತ್ತು ಎರಡೂ ಊರಿನ ಕಲ್ಲು ಬೇರೆ, ಬಣ್ಣ ಬೇರೆ.

ಗುಂಪು ನಾಲ್ಕು ಜನರದ್ದಾದರೆ ಒಳ್ಳೆಯದು. ಐದನೆಯವರು ಬಂದರೆ ಕ್ಯಾಮೆರಾ ಬ್ಯಾಗುಗಳು ತೊಡೆ ಮೇಲೆ ಬರುತ್ತವೆ, ಇಲ್ಲವೇ ದೊಡ್ಡ ಗಾಡಿ ಬೇಕಾಗುತ್ತದೆ. ಅದಕ್ಕಿಂತ ಮುಖ್ಯ, ಹೊರಡುವ ಮೊದಲೇ ಎರಡು ಮಾತು ಬಿಚ್ಚಿ ಆಡಿಬಿಡಿ. ಬೆಳಿಗ್ಗೆ ಐದಕ್ಕೆ ಏಳುವುದು ಎಲ್ಲರಿಗೂ ಒಪ್ಪಿಗೆಯಾ? ಒಪ್ಪದವರು ಮಲಗಿರಲಿ, ಅದರಲ್ಲಿ ತಪ್ಪೇನಿಲ್ಲ, ಆದರೆ ಅವರಿಗಾಗಿ ಉಳಿದವರು ಕಾಯುವುದಿಲ್ಲ ಅಂತ ಮೊದಲೇ ತಿಳಿಸಿ. ಎರಡನೆಯದು, ಫೋಟೋ ಹುಚ್ಚಿಲ್ಲದ ಗೆಳೆಯರು ಜೊತೆಗಿದ್ದರೆ ಅವರಿಗೂ ಅವರದೇ ಆದ ಹೊತ್ತು ಇಡಿ. ಒಂದೇ ಕಂಬದ ಮುಂದೆ ನೀವು ಮುಕ್ಕಾಲು ಗಂಟೆ ಕೂತರೆ ಪಕ್ಕದಲ್ಲಿ ನಿಂತವರಿಗೆ ಬೇಜಾರಾಗದೇ ಇರುತ್ತಾ? ಅವರು ಅಷ್ಟರಲ್ಲಿ ಹರಿಗೋಲಿನಲ್ಲಿ ಸುತ್ತಿ ಬರಬಹುದು, ಸೈಕಲ್ ಬಾಡಿಗೆಗೆ ತಗೊಂಡು ಓಡಾಡಬಹುದು.

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್-ಮೇ ತಿಂಗಳಲ್ಲಿ ಬಂಡೆಗಳ ನಡುವೆ ನಡೆಯೋದೇ ಕಷ್ಟ, ಫೋಟೋ ಮಾತು ಆಮೇಲೆ. ಮೋಡ ಇಷ್ಟಪಡುವವರಿಗೆ ಆಗಸ್ಟ್-ಸೆಪ್ಟೆಂಬರ್ ಕೂಡ ತುಂಬ ಚೆನ್ನ: ಸುತ್ತ ಗದ್ದೆ ಹಸಿರಾಗಿರುತ್ತದೆ, ಬಾದಾಮಿಯಲ್ಲಿ ಒಳ್ಳೆ ಮಳೆ ಬಿದ್ದರೆ ಬಂಡೆಯ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಆದರೆ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರೆ ಹಂಪಿಯಲ್ಲಿ ಹೊಳೆ ದಂಡೆಯ ಪುರಂದರ ಮಂಟಪ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಆ ತಿಂಗಳಲ್ಲಿ ಹೋಗುವುದಾದರೆ ಡ್ಯಾಮಿನ ಸುದ್ದಿ ನೋಡಿಕೊಂಡೇ ಹೊರಡಿ. ಹಂಪಿ ಉತ್ಸವದ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಜನವೂ ಜಾಸ್ತಿ.

ಬೆಂಗಳೂರಿನಿಂದ ಹೊಸಪೇಟೆಗೆ ಚಿತ್ರದುರ್ಗದ ಮೇಲೆ ಸುಮಾರು 340 ಕಿಲೋಮೀಟರ್. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಹೊಸಪೇಟೆ, ಅಲ್ಲಿಂದ ಹಂಪಿ 13 ಕಿಲೋಮೀಟರ್. ರೈಲಿನಲ್ಲಿ ಬಂದು ಹೊಸಪೇಟೆಯಲ್ಲಿ ಡ್ರೈವರ್ ಸಮೇತ ಗಾಡಿ ಮಾಡಿಕೊಳ್ಳುವುದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ನಸುಕಿನಲ್ಲಿ ಎದ್ದು ದಿನವಿಡೀ ಓಡಾಡಿದ ಗೆಳೆಯ ಸಂಜೆ ಸ್ಟೀರಿಂಗ್ ಹಿಡಿಯುವುದು ಯಾರಿಗೂ ಒಳ್ಳೆಯದಲ್ಲ. ಉಳಿಯೋಕೆ ಹಂಪಿ ಊರಿನ ಹೋಮ್‌ಸ್ಟೇ ಅಥವಾ ಕಮಲಾಪುರ ನೋಡಿ. ಹೊಳೆಯ ಆಚೆ ದಂಡೆಯ ಆನೆಗೊಂದಿ, ಸಾಣಾಪುರದ ಕಡೆ ರೂಮುಗಳು ಚೆಂದ, ಗದ್ದೆ ಬದಿಯಲ್ಲಿರುತ್ತವೆ. ಆದರೆ ನಸುಕಿನಲ್ಲಿ ದೋಣಿ ಇರುವುದಿಲ್ಲ, ಕಡೆಬಾಗಿಲು-ಬುಕ್ಕಸಾಗರ ಸೇತುವೆ ಮೇಲೆ ಸುತ್ತಿಕೊಂಡು ಬರಬೇಕು. ಅಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಾನೆ.

ಗುರುವಾರ ರಾತ್ರಿ ಹೊರಡಿ. ಶುಕ್ರವಾರ ರೂಮಿಗೆ ಚೀಲ ಹಾಕಿದವರೇ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗಿ, 8:30ಕ್ಕೆ ಬಾಗಿಲು ತೆಗೆಯುವಾಗ ಅಲ್ಲಿರಿ. ವಾರಾಂತ್ಯದ ಜನ ಇನ್ನೂ ಬಂದಿರುವುದಿಲ್ಲ. ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ಮಂಟಪದ ಮುಂದಿನ ಕಂಬಗಳಿಗೆ ನೇರ ಬೀಳುತ್ತದೆ. ಕಲ್ಲಿನ ರಥದ ಮುಂದೆ 50 ರೂಪಾಯಿ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುವವರ ಸಾಲು ಹೊತ್ತೇರಿದಂತೆ ಶುರುವಾಗುತ್ತದೆ. ಅದಕ್ಕೂ ಮೊದಲು ನಿಮ್ಮ ಕೆಲಸ ಮುಗಿದಿರಲಿ. ಟಿಕೆಟ್ ಭಾರತೀಯರಿಗೆ 40 ರೂಪಾಯಿ, ಜೋಪಾನವಾಗಿ ಇಟ್ಟುಕೊಳ್ಳಿ, ಅದೇ ಟಿಕೆಟ್ ಅದೇ ದಿನ ಕಮಲ ಮಹಲ್ ಮತ್ತು ಗಜಶಾಲೆಗೂ ನಡೆಯುತ್ತದೆ. ಗಜಶಾಲೆಯ ಹನ್ನೊಂದು ಕೋಣೆಗಳ ಬಾಗಿಲು ಪಶ್ಚಿಮಕ್ಕೆ. ಅಂದರೆ ಮಧ್ಯಾಹ್ನ ನಾಲ್ಕರ ನಂತರ ಹೋಗಿ. ಬೆಳಿಗ್ಗೆ ಹೋದವರಿಗೆ ಕಟ್ಟಡದ ಮುಖ ನೆರಳಲ್ಲೇ ಸಿಗುತ್ತದೆ.

ಶನಿವಾರ ಮಾತಂಗ ಬೆಟ್ಟ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ಹುಟ್ಟುವುದು 6:35ರಿಂದ 6:55ರ ಒಳಗೆ. ಅದಕ್ಕೆ ಒಂದು ಗಂಟೆ ಮೊದಲೇ ಬೆಟ್ಟದ ಬುಡದಲ್ಲಿರಿ. ಕತ್ತಲಲ್ಲಿ ಮೆಟ್ಟಿಲು ಸಮ ಇಲ್ಲ, ಕೆಲವು ಕಡೆ ಬರೀ ಬಂಡೆ, ಹಾಗಾಗಿ ತಲೆಗೆ ಕಟ್ಟುವ ಟಾರ್ಚ್ ಇರಲಿ, ಕೈ ಎರಡೂ ಖಾಲಿ ಇರಲಿ, ಒಬ್ಬೊಬ್ಬರೇ ಹತ್ತಬೇಡಿ. ಮೇಲೆ ಹೋದ ಮೇಲೆ ಎಲ್ಲರೂ ಪೂರ್ವಕ್ಕೆ ತಿರುಗಿ ನಿಲ್ಲುತ್ತಾರೆ. ನೀವೂ ನಿಲ್ಲಿ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಮುಂದೆ ಉದ್ದಕ್ಕೆ ಕಲ್ಲು ಕಂಬಗಳ ಬೀದಿ, ಚಳಿಗಾಲವಾದರೆ ಹೊಳೆಯ ಕಡೆಯಿಂದ ತೆಳ್ಳಗೆ ಮಂಜು. ಆಕಾಶಕ್ಕೆ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಅಳತೆ, ಲಾಕ್ ಮಾಡಿದರೆ ಗುಡ್ಡಗಳು ಒಂದರ ಹಿಂದೆ ಒಂದು ಪದರ ಪದರವಾಗಿ ಬರುತ್ತವೆ. ಸೂರ್ಯ ಮೇಲೆ ಬಂದ ಹತ್ತಿಪ್ಪತ್ತು ನಿಮಿಷಕ್ಕೆ ಬಹಳ ಜನ ಇಳಿದು ಹೋಗುತ್ತಾರೆ. ನೀವು ಹೋಗಬೇಡಿ. ಹಿಂದಕ್ಕೆ ತಿರುಗಿ. ಪಶ್ಚಿಮಕ್ಕೆ ವಿರೂಪಾಕ್ಷನ ರಾಜಗೋಪುರ ಪೂರ್ವಕ್ಕೆ ಮುಖ ಮಾಡಿ ನಿಂತಿದೆ, ಎಳೆ ಬಿಸಿಲು ಪೂರ್ತಿ ಅದರ ಮೇಲೆ. ಸುತ್ತಲಿನ ಬಂಡೆಗಳು ಇನ್ನೂ ಅರ್ಧ ನೆರಳಲ್ಲಿ. 100ರಿಂದ 200 ಎಂಎಂ ಲೆನ್ಸ್, ಅಂದರೆ ದೂರದ್ದನ್ನು ಹತ್ತಿರ ತರುವ ಲೆನ್ಸ್, ಇದ್ದವರಿಗೆ ಬೆಳಗಿನ ಒಳ್ಳೆಯ ಚಿತ್ರ ಸಿಗುವುದು ಇಲ್ಲೇ, ಮತ್ತು ಇದು ಬೇಗ ಮುಗಿದುಹೋಗುತ್ತದೆ, ಬಿಸಿಲು ಸ್ವಲ್ಪ ಏರಿದರೂ ಕಲ್ಲಿನ ಬಣ್ಣ ಬಿಳಿಚಿಕೊಳ್ಳುತ್ತದೆ.

ಹನ್ನೊಂದರಿಂದ ಮೂರರವರೆಗೆ ಹೊರಗೆ ಸುಮ್ನೆ ಅಲೆಯಬೇಡಿ. ವಿರೂಪಾಕ್ಷ ದೇವಸ್ಥಾನದ ಒಳಗೆ ಹೋಗಿ. ಗರ್ಭಗುಡಿಯ ಫೋಟೋ ಬೇಡ, ಅದು ಪೂಜೆ ನಡೆಯುವ ಗುಡಿ. ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ, ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ನಿಮ್ಮ ಕೈಲಿರುವ ಕ್ಯಾಮೆರಾದ ಮೂಲ ತತ್ವವೇ ಅದು, ಐನೂರು ವರ್ಷದ ಹಿಂದಿನ ಗೋಪುರ ದಿನಾ ಅಲ್ಲಿ ತನ್ನ ಚಿತ್ರ ತಾನೇ ಬಿಡಿಸುತ್ತಿದೆ. ಫ್ಲಾಶ್ ಹಾಕಿದರೆ ಚಿತ್ರ ಮಾಯ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಬೆನ್ನನ್ನು ಗೋಡೆಗೆ ಒತ್ತಿ, ಮೊಣಕೈ ಪಕ್ಕೆಗೆ ಸಿಕ್ಕಿಸಿ, ಉಸಿರು ಬಿಡುತ್ತಾ ಕ್ಲಿಕ್ ಮಾಡಿ. ಸಂಜೆಗೆ ಪಕ್ಕದಲ್ಲೇ ಹೇಮಕೂಟ ಬೆಟ್ಟ. ಪಡುವಣ ಬಿಸಿಲು ಗೋಪುರದ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ, ಮುಂದೆ ಸಣ್ಣ ಸಣ್ಣ ಹಳೆಯ ಗುಡಿಗಳು, ಕೂರೋಕೆ ಇಳಿಜಾರು ಬಂಡೆ.

ಇನ್ನು ನಾನು ತುಂಬ ಒತ್ತಿ ಹೇಳಬೇಕೆಂದಿರುವ ವಿಷಯ. ನಾಲ್ಕು ಜನ ಒಂದೇ ಜಾಗದಲ್ಲಿ ನಿಂತು ಒಂದೇ ಫೋಟೋ ತೆಗೆದುಕೊಂಡು ಬರುವುದು ಬೇಡ ಅನಿಸಿದರೆ ಗುಂಪಿಗೆ ಒಂದು ಕೆಲಸ ಹಚ್ಚಿಕೊಳ್ಳಿ. ಹಂಪಿಯಲ್ಲಿ ಅದಕ್ಕೆ ಬಲು ಚೆಂದದ ದಾರಿ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಹಂಪಿಯ ಫೋಟೋ ತೆಗೆದಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದರು. ಗ್ರೀನ್‌ಲಾ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ, ಈಗ ಅದಿಲ್ಲ. ಮೂರನೆಯ ಸರದಿ ನಿಮ್ಮದಾಗಲಿ. ಒಬ್ಬೊಬ್ಬರು ಒಂದೊಂದು ಹಳೆಯ ಚಿತ್ರ ಆರಿಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಜಾಗ ಹಿಡಿಯುವುದು ಹೀಗೆ: ಚಿತ್ರದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಗುರುತು ಮಾಡಿ, ಕಂಬದ ಅಂಚು ಮತ್ತು ಹಿಂದಿನ ಬಂಡೆ ಅಂತಿಟ್ಟುಕೊಳ್ಳಿ. ಅವೆರಡೂ ಚಿತ್ರದಲ್ಲಿ ಸೇರುವಂತೆಯೇ ನಿಮ್ಮ ಕಣ್ಣಿಗೂ ಸೇರುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಆಮೇಲೆ ಕೂತು, ನಿಂತು ಎತ್ತರ ಹೊಂದಿಸಿ. ಕೊನೆಗೆ ಹಿಂದೆ ಮುಂದೆ ಹೋಗಿ ದೂರ ಸರಿಮಾಡಿ. ಜೂಮ್ ಮಾಡಿ ಇದನ್ನು ಹೊಂದಿಸೋಕೆ ಆಗುವುದಿಲ್ಲ, ಕಾಲಿನಿಂದಲೇ ಆಗಬೇಕು. ಒಬ್ಬರು ಫೋನ್ ಹಿಡಿದು "ಇನ್ನೊಂದು ಹೆಜ್ಜೆ ಎಡಕ್ಕೆ" ಅಂತ ಹೇಳುತ್ತಿದ್ದರೆ ಇನ್ನೊಬ್ಬರು ಸರಿಯಬಹುದು, ಹಾಗಾಗಿ ಇದು ಗೆಳೆಯರಿದ್ದರೇ ಚೆನ್ನಾಗಿ ಆಗುವ ಕೆಲಸ. ನೆರಳಿನ ದಿಕ್ಕು ನೋಡಿದರೆ ಹಳೆಯ ಫೋಟೋ ಬೆಳಿಗ್ಗೆ ತೆಗೆದದ್ದೋ ಸಂಜೆಯದೋ ಅಂತಲೂ ತಿಳಿಯುತ್ತದೆ.

ಪ್ರಾಣಿ-ಪಕ್ಷಿ ಇಷ್ಟ ಇರುವವರು ಒಂದು ಮಧ್ಯಾಹ್ನ ದರೋಜಿ ಕರಡಿಧಾಮಕ್ಕೆ ಹೋಗಬಹುದು. ವಾಚ್ ಟವರ್‌ನಿಂದ ನೋಡಬೇಕು, ಕರಡಿ ದೂರ ಇರುತ್ತದೆ, 400 ಎಂಎಂಗಿಂತ ಕಡಿಮೆ ಲೆನ್ಸಾದರೆ ಬೈನಾಕ್ಯುಲರ್‌ನಲ್ಲಿ ನೋಡಿ ಖುಷಿಪಡಿ.

ಭಾನುವಾರದ ಬೆಳಿಗ್ಗೆ ಖಾಲಿ ಬಿಡಿ. ಶನಿವಾರ ಮೋಡ ಕವಿದಿದ್ದರೆ ಮಾತಂಗಕ್ಕೆ ಮತ್ತೆ ಹತ್ತಬಹುದು, ಇಲ್ಲವಾದರೆ ಹೊಳೆ ದಂಡೆಯಲ್ಲಿ ವಿಠ್ಠಲ ದೇವಸ್ಥಾನದ ಕಡೆ ನಡೆಯಬಹುದು. ಬಿಸಿಲು ಗಟ್ಟಿಯಾದ ಮೇಲೆ ಹನ್ನೊಂದರ ಹೊತ್ತಿಗೆ ಗಾಡಿ ಹತ್ತಿ. ಇಳಕಲ್ ಮೇಲೆ ಐಹೊಳೆಗೆ ಬಂದರೆ ಸರಿಯಾಗಿ ಮಧ್ಯಾಹ್ನದ ಓರೆ ಬಿಸಿಲು ಸಿಗುತ್ತದೆ. ದುರ್ಗ ಗುಡಿಯ ದುಂಡನೆಯ ಬೆನ್ನು ಪಶ್ಚಿಮಕ್ಕಿದೆ, ಆ ಹೊತ್ತಿಗೆ ಕಂಬಸಾಲಿನ ನೆರಳು ಒಳಗೋಡೆಯ ಮೇಲೆ ಬಾಗಿಕೊಂಡು ಬೀಳುತ್ತದೆ. ರಾತ್ರಿ ಬಾದಾಮಿಯಲ್ಲಿ ಉಳಿಯಿರಿ.

ಸೋಮವಾರ ಬೆಳಿಗ್ಗೆ ಮೊದಲು ಪಟ್ಟದಕಲ್ಲು, ಬಾದಾಮಿಯಿಂದ 22 ಕಿಲೋಮೀಟರ್. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಬೆಳಿಗ್ಗೆಯೇ ಹೋಗಬೇಕು. ನಡು ಹಗಲಿಗೆ ಬಾದಾಮಿ ಗುಹೆಗಳು. ಒಳಗೆ ನೇರ ಬಿಸಿಲು ಕಡಿಮೆ, ಮುಂದಿನ ಕಲ್ಲು ನೆಲದಿಂದ ಪುಟಿದು ಬರುವ ಬೆಳಕಿನಲ್ಲೇ ಕೆತ್ತನೆ ಮೃದುವಾಗಿ ಕಾಣುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಬಾದಾಮಿಯ ಕಲ್ಲು ಕೆಂಪು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಅದು ಆ ಕೆಂಪನ್ನು ತಪ್ಪು ಅಂತ ತಿಳಿದು ತೆಗೆದುಹಾಕುತ್ತದೆ, ಕಲ್ಲು ಬೂದು ಬಣ್ಣಕ್ಕೆ ತಿರುಗುತ್ತದೆ. ಡೇಲೈಟ್‌ಗೆ ಇಟ್ಟು, ಬಣ್ಣ ಆಮೇಲೆ ತಿದ್ದಲು ಬರುವ ರಾ ಫೈಲ್‌ನಲ್ಲಿ ತೆಗೆಯಿರಿ. ಮಂಗಗಳ ಕಾಟ ಇದೆ: ಕೈಯಲ್ಲಿ ತಿಂಡಿ ಕವರ್ ಬೇಡ, ಲೆನ್ಸ್ ಬದಲಿಸುವಾಗ ಬ್ಯಾಗಿನ ಜಿಪ್ ತೆರೆದಿಡಬೇಡಿ. ಸಂಜೆ ಅಗಸ್ತ್ಯ ತೀರ್ಥ ಕೆರೆಯ ಪಶ್ಚಿಮ ದಂಡೆಗೆ ಬನ್ನಿ. ಭೂತನಾಥ ಗುಡಿ ಎದುರು ದಂಡೆಯಲ್ಲಿ, ಹಿಂದೆ ಕೆಂಪು ಬಂಡೆ, ಮುಳುಗುವ ಬಿಸಿಲು ನೇರ ಅದರ ಮೇಲೆ. ಗಾಳಿ ನಿಂತರೆ ಪ್ರತಿಬಿಂಬ.

ಅವತ್ತು ಮಧ್ಯಾಹ್ನದ ಊಟಕ್ಕೆ ಬಾದಾಮಿ ಪಕ್ಕದ ಬನಶಂಕರಿ ಗುಡಿಯ ಹತ್ತಿರ ಹೋಗಿ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮೊಸರು ತಂದು ಮಾರುವ ಹೆಣ್ಣುಮಕ್ಕಳು ಇರುತ್ತಾರೆ. ಮೊದಲು ಕೂತು ಉಣ್ಣಿ, ಮಾತಾಡಿ, ಆಮೇಲೆ "ಯವ್ವಾ, ಒಂದು ಫೋಟೋ ತಗೀಲೇನು?" ಅಂತ ಕೇಳಿ. ಬ್ಯಾಡ ಅಂದರೆ ಅಲ್ಲಿಗೆ ಬಿಡಿ. ದೂರದಿಂದ ಜೂಮ್ ಲೆನ್ಸ್ ಹಾಕಿ ಕದ್ದು ತೆಗೆಯಬೇಡಿ, ನಾಲ್ಕು ಜನ ಸುತ್ತ ನಿಂತು ಒಬ್ಬರ ಮುಖಕ್ಕೆ ಕ್ಯಾಮೆರಾ ಹಿಡಿಯಲೂ ಬೇಡಿ, ಒಬ್ಬರು ತೆಗೆದರೆ ಸಾಕು. ಹೊಳೆಯಲ್ಲಿ ಸ್ನಾನ ಮಾಡುವವರ ಕಡೆಗಂತೂ ಕ್ಯಾಮೆರಾ ತಿರುಗಿಸಲೇಬಾರದು. ಫೋಟೋ ಕೊಡುತ್ತೇವೆ ಅಂತ ಮಾತು ಕೊಟ್ಟರೆ ಅವತ್ತೇ ಅವರ ಮನೆಯವರ ವಾಟ್ಸಾಪ್‌ಗೆ ಕಳಿಸಿಬಿಡಿ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು, ಗೇಟಿನಲ್ಲಿ ವಾದ ಮಾಡಿ ಬೆಳಕು ಕಳೆದುಕೊಳ್ಳಬೇಡಿ. ಡ್ರೋನ್ ಮನೆಯಲ್ಲೇ ಇರಲಿ. ಕೆತ್ತನೆ ಮೇಲೆ ಹತ್ತುವುದು, ಕಂಬ ತಟ್ಟಿ ನೋಡುವುದು ಯಾವ ಫೋಟೋಗೂ ಬೇಡ.

ಸಾಮಾನಿನಲ್ಲಿ ಎಲ್ಲರೂ ಮರೆಯುವುದು ಎಕ್ಸ್‌ಟೆನ್ಶನ್ ಬಾಕ್ಸ್. ರೂಮಿನಲ್ಲಿ ಪ್ಲಗ್ ಎರಡಿದ್ದರೆ ಹೆಚ್ಚು, ನಾಲ್ಕು ಕ್ಯಾಮೆರಾ, ನಾಲ್ಕು ಫೋನು ಎಲ್ಲಿ ಚಾರ್ಜ್ ಆಗಬೇಕು? ಒಂದೇ ಕಂಪನಿಯ ಕ್ಯಾಮೆರಾ ಇರುವವರು ಲೆನ್ಸ್ ಹಂಚಿಕೊಳ್ಳಿ. ಒಬ್ಬರು ವೈಡ್ (ಅಗಲ ನೋಟಕ್ಕೆ), ಇನ್ನೊಬ್ಬರು ಟೆಲಿ (ದೂರದ್ದಕ್ಕೆ) ತಂದರೆ ಹೊರೆ ಅರ್ಧ ಆಗುತ್ತದೆ. ಮಲಗುವ ಮುಂಚೆ ಎಲ್ಲರ ಕಾರ್ಡೂ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಆಗಲಿ, ಆಗುವವರೆಗೆ ಯಾರೂ ಫಾರ್ಮ್ಯಾಟ್ ಮಾಡಬೇಡಿ. ದುಡ್ಡಿಗೆ ಒಬ್ಬರನ್ನು ಖಜಾಂಚಿ ಮಾಡಿ, ಹೊರಡುವಾಗಲೇ ಎಲ್ಲರೂ ಒಂದು ಮೊತ್ತ ಹಾಕಿ. ಹರಿಗೋಲು, ಎಳನೀರು, ಹೊಸಪೇಟೆಯ ಮಂಡಕ್ಕಿ-ಮಿರ್ಚಿಗೆ ಸ್ವಲ್ಪ ಚಿಲ್ಲರೆ ನೋಟೂ ಇರಲಿ, ನೆಟ್‌ವರ್ಕ್ ಎಲ್ಲ ಕಡೆ ಸಿಗುವುದಿಲ್ಲ.

ಮಂಗಳವಾರಕ್ಕೂ ರಜೆ ಹಾಕಿ. ಬಾದಾಮಿಯಿಂದ ಬೆಂಗಳೂರು ಒಂದು ದಿನದ ದಾರಿ. ಜನವರಿಗೆ ಹೋಗುವ ಮನಸ್ಸಿದ್ದರೆ ಹಂಪಿಯ ರೂಮು ಮತ್ತು ರೈಲಿನ ಟಿಕೆಟ್ ನವೆಂಬರ್‌ನಲ್ಲೇ ಮಾಡಿ, ಬಾದಾಮಿಯ ರೂಮಿಗೆ ಮಾತ್ರ ಬನಶಂಕರಿ ಜಾತ್ರೆಯ ತಾರೀಖು ನೋಡಿಕೊಳ್ಳಿ. ಬನದ ಹುಣ್ಣಿಮೆಯ ಆಸುಪಾಸು ಊರು ತುಂಬಿರುತ್ತದೆ, ಜಾತ್ರೆಯ ಫೋಟೋ ಬೇಕೆನ್ನುವವರಿಗೆ ಅದೇ ಸರಿಯಾದ ವಾರ.