ದಶಕಗಳಿಂದ ಓಡ್ತಿರೋ ಹಗಲು ಸೀರಿಯಲ್ಲನ್ನ ಮಧ್ಯದಲ್ಲಿ ಹತ್ಕೊಂಡು ನೋಡೋದು ಹೇಗೆ

ಅಮೆರಿಕದ ಹಗಲು ಹೊತ್ತಿನ ಸೀರಿಯಲ್ ನೋಡ್ಬೇಕು ಅಂತ ಆಸೆ ಪಡೋರೆಲ್ಲ ಮೊದ್ಲು ಕೇಳೋದು ಒಂದೇ, ಎಲ್ಲಿಂದ ಶುರು ಮಾಡ್ಲಿ ಅಂತ. ಇವತ್ತಿನ ಎಪಿಸೋಡ್‌ನಿಂದ ಶುರು ಮಾಡಿ. ಜನರಲ್ ಹಾಸ್ಪಿಟಲ್ ಶುರುವಾಗಿದ್ದು 1963ರಲ್ಲಿ, ಡೇಸ್ ಆಫ್ ಅವರ್ ಲೈವ್ಸ್ 1965ರಲ್ಲಿ, ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್ 1973ರಲ್ಲಿ, ವಾರಕ್ಕೆ ಐದು ದಿನ ಅಂದ್ರೆ ವರ್ಷಕ್ಕೆ ಹತ್ತಿರ ಹತ್ತಿರ 250 ಎಪಿಸೋಡು, ಜನರಲ್ ಹಾಸ್ಪಿಟಲ್ 2022ರಲ್ಲೇ 15,000 ಎಪಿಸೋಡ್ ದಾಟಿತ್ತು. ಮೊದಲಿಂದ ನೋಡ್ಕೊಂಡು ಬರ್ತೀನಿ ಅಂದ್ರೆ ಆಗೋ ಕೆಲ್ಸ ಅಲ್ಲ, ಶುರುವಿನ ವರ್ಷಗಳ ಎಷ್ಟೋ ಎಪಿಸೋಡ್‌ಗಳು ಈಗ ಸಿಗೋದೂ ಇಲ್ಲ. ದಿನಾ ನೋಡೋ ಅಭಿಮಾನಿಗಳೂ ಯಾವತ್ತೋ ಒಂದು ದಿನ ಹೀಗೇ ಮಧ್ಯದಲ್ಲಿ ಬಂದು ಕೂತವ್ರೇ.

ಮಧ್ಯದಲ್ಲಿ ಬಂದವ್ರಿಗೆ ಅರ್ಥ ಆಗ್ಲಿ ಅಂತಾನೇ ಇವನ್ನ ಬರೆಯೋದು, ಅದಕ್ಕೆ ಕಾರಣಾನೂ ಇದೆ. ಇವು ಹುಟ್ಟಿದ್ದು ರೇಡಿಯೋದಲ್ಲಿ. ಗೈಡಿಂಗ್ ಲೈಟ್ ಅನ್ನೋದು 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ನಡೀತು. ಸೋಪು ಕಂಪನಿಗಳ ಜಾಹೀರಾತಿನ ದುಡ್ಡಲ್ಲಿ ಬರ್ತಿದ್ದ ಈ ಕಥೆಗಳನ್ನ ಮನೇಲಿರೋ ಹೆಂಗಸರು ಕೆಲ್ಸ ಮಾಡ್ತಾ ಮಾಡ್ತಾ ಕೇಳ್ತಿದ್ರು, ಒಂದ್ಸಲ ಗಮನ ಇರುತ್ತೆ ಒಂದ್ಸಲ ಇರಲ್ಲ, ಅದಕ್ಕೆ ಎಲ್ಲಾನೂ ಮಾತಲ್ಲೇ ಹೇಳೋ ಅಭ್ಯಾಸ ಬೆಳೀತು. ಈಗ್ಲೂ ಹಾಗೇ. ಒಬ್ಬಳು ಬಾಗಿಲು ತೆಗೆದ ಕೂಡ್ಲೇ ಎದುರಿಗಿರೋನ ಹೆಸರು ಹಿಡಿದು ಕರೀತಾಳೆ, ನೀನು ನನ್ನ ಅಕ್ಕನಿಗೆ ಹೋದ ವರ್ಷ ಏನ್ ಮಾಡ್ದೆ ಅಂತ ಅಲ್ಲೇ ಕೇಳಿಬಿಡ್ತಾಳೆ, ನಿಮಗೆ ಹಿಂದಿನ ಕಥೆ ಅರ್ಧ ಗೊತ್ತಾಗೋಯ್ತು. ಹಾಗಾಗಿ ಮೊದಲ ಒಂದೆರಡು ವಾರ ಏನೂ ಅರ್ಥ ಆಗ್ತಿಲ್ಲ ಅಂತ ಗಾಬರಿ ಆಗ್ಬೇಡಿ, ಬಟ್ಟೆ ಮಡಚ್ತಾ ಕೇಳಿಸ್ಕೊಂಡ್ರೂ ಸಾಕು, ತಾನಾಗೇ ಹತ್ತುತ್ತೆ.

ಯಾವುದನ್ನ ಹಿಡೀಬೇಕು ಅಂದ್ರೆ, ಹೊಸಬ್ರಿಗೆ ನಾನು ಹೇಳೋದು ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್. 1987ರಲ್ಲಿ ಶುರುವಾಗಿದ್ದು, ಜಾಹೀರಾತು ಸೇರಿ ಅರ್ಧ ಗಂಟೆ ಅಷ್ಟೇ, ಲಾಸ್ ಏಂಜಲೀಸ್‌ನ ಫಾರೆಸ್ಟರ್ ಅನ್ನೋ ಫ್ಯಾಷನ್ ಮನೆತನದ ಸುತ್ತಾನೇ ಕಥೆ ತಿರುಗೋದು, ಪಾತ್ರಗಳೂ ಕಮ್ಮಿ. ಒಂದು ಗಂಟೆಯ ಸೀರಿಯಲ್ ಬೇಕು ಅಂದ್ರೆ ಊರಿಡೀ ಜನ ಇರ್ತಾರೆ, ಆಗ ಒಂದು ಕುಟುಂಬ ಇಟ್ಕೊಳ್ಳಿ. ಡೇಸ್‌ನಲ್ಲಿ ಹಾರ್ಟನ್ ಮನೆಯವರು, ಯಂಗ್ ಅಂಡ್ ರೆಸ್ಟ್‌ಲೆಸ್‌ನಲ್ಲಿ ನ್ಯೂಮನ್ ಇಲ್ಲಾ ಆಬಟ್ ಮನೆಯವರು, ಜನರಲ್ ಹಾಸ್ಪಿಟಲ್‌ನಲ್ಲಿ ಕ್ವಾರ್ಟರ್‌ಮೇನ್ ಮನೆಯವರು. ಬೇರೆಯವರು ಬಂದಾಗ ಇವ್ರು ನಮ್ಮ ಮನೆಯವ್ರಿಗೆ ಏನಾಗ್ಬೇಕು ಅಂತ ಮಾತ್ರ ನೋಡ್ಕೊಳ್ಳಿ, ಸಂಬಂಧದ ಲೆಕ್ಕ ಅಲ್ಲಿಂದಾನೇ ಬಿಡಿಸ್ಕೊಳ್ಳುತ್ತೆ. ಡೇಸ್ 2022ರ ಸೆಪ್ಟೆಂಬರ್‌ನಿಂದ ಅಮೆರಿಕದಲ್ಲಿ ಟಿವಿ ಬಿಟ್ಟು ಪೀಕಾಕ್ ಆ್ಯಪ್‌ಗೆ ಹೋಗಿದೆ, ಅದನ್ನ ಚಾನೆಲ್‌ನಲ್ಲಿ ಹುಡುಕ್ಬೇಡಿ.

ದಿನಾ ನೋಡೋಕಾಗಲ್ಲ ಅಂದ್ರೆ ಶುಕ್ರವಾರದ್ದು ಬಿಡ್ಬೇಡಿ. ಒಂದು ಗಂಟೆಯ ಎಪಿಸೋಡ್‌ನಲ್ಲಿ ಮೂರ್ನಾಲ್ಕು ಟ್ರ್ಯಾಕ್ ಓಡ್ತಿರುತ್ತೆ, ಒಂದೊಂದು ಟ್ರ್ಯಾಕ್ ವಾರದ ಎಲ್ಲಾ ದಿನಾನೂ ಬರಲ್ಲ, ಆದ್ರೆ ಗುಟ್ಟು ಬಯಲಾಗೋದು, ಬಾಗಿಲಲ್ಲಿ ಯಾರೋ ಬಂದು ನಿಲ್ಲೋದು, ಇಂಥ ದೊಡ್ಡದೆಲ್ಲ ಹೆಚ್ಚಾಗಿ ಶುಕ್ರವಾರದ ಕೊನೇ ಸೀನ್‌ಗೆ ಇಟ್ಟಿರ್ತಾರೆ, ಎರಡು ದಿನ ರಜೆ ಇರುತ್ತಲ್ಲ, ಜನ ಸೋಮವಾರ ವಾಪಸ್ ಬರ್ಬೇಕು. ಶುಕ್ರವಾರ, ಸೋಮವಾರ ಎರಡು ನೋಡಿದ್ರೆ ಕಥೆ ಕೈತಪ್ಪಲ್ಲ. ವರ್ಷದಲ್ಲಿ ನವೆಂಬರ್, ಫೆಬ್ರವರಿ, ಮೇ ತಿಂಗಳಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಟೈಮ್ ಕೊಡಿ. ಎಷ್ಟು ಜನ ನೋಡ್ತಾರೆ ಅಂತ ಅಲ್ಲಿ ವಿಶೇಷವಾಗಿ ಲೆಕ್ಕ ಹಾಕ್ತಿದ್ದ ತಿಂಗಳುಗಳು ಅವು, ಜಾಹೀರಾತಿನ ರೇಟು ಅದ್ರ ಮೇಲೆ ನಿಂತಿರ್ತಿತ್ತು, ಅದಕ್ಕೇ ಮದುವೆ, ಬೆಂಕಿ, ಕೋರ್ಟ್ ತೀರ್ಪು ಎಲ್ಲಾ ಆಗ್ಲೇ. ಜನರಲ್ ಹಾಸ್ಪಿಟಲ್‌ನ ಲ್ಯೂಕ್, ಲಾರಾ ಮದುವೆ ಆಗಿದ್ದು 1981ರ ನವೆಂಬರ್‌ನಲ್ಲಿ, ಸುಮಾರು 3 ಕೋಟಿ ಜನ ನೋಡಿದ್ರು.

ಕೆಲವು ವಿಷ್ಯ ಮೊದ್ಲೇ ಗೊತ್ತಿದ್ರೆ ತಲೆ ಕೆಡಲ್ಲ. ಪಾತ್ರ ಅದೇ, ನಟ ಬೇರೆ ಆಗಿರ್ತಾರೆ, ಉಳಿದವ್ರೆಲ್ಲ ಏನೂ ಆಗಿಲ್ಲ ಅನ್ನೋ ಹಾಗೆ ಮಾತಾಡ್ತಾರೆ, ನೀವೂ ಒಂದು ವಾರ ಕೊಟ್ರೆ ಹೊಸ ಮುಖ ಒಗ್ಗುತ್ತೆ. ಮೊನ್ನೆ ಹುಟ್ಟಿದ ಮಗು ಬೋರ್ಡಿಂಗ್ ಸ್ಕೂಲಿಗೆ ಹೋಗಿ ಮೂರ್ನಾಲ್ಕು ವರ್ಷಕ್ಕೆ ಕಾಲೇಜು ಹುಡುಗನಾಗಿ ಬರುತ್ತೆ, ದೊಡ್ಡವರ ಪ್ರೇಮ, ಜಗಳಕ್ಕೆ ಹೊಸ ತಲೆಮಾರು ಬೇಕಾಗಿರುತ್ತೆ, ಅದಕ್ಕೆ. ಸತ್ತೋರು ವಾಪಸ್ ಬರ್ತಾರೆ, ಹೆಣ ಸಿಕ್ಕಿಲ್ಲ ಅಂದ್ರಂತೂ ಅಳೋದಕ್ಕೇ ಹೋಗ್ಬೇಡಿ. ಇದ್ರಲ್ಲಿ ಲಾಜಿಕ್ ಹುಡುಕೋರಿಗೆ ಈ ಸೀರಿಯಲ್ ದಕ್ಕಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಇದ್ರ ನಿಜವಾದ ಸುಖ ಬೇರೆ ಕಡೆ ಇದೆ.

ಆ ಸುಖ ಇರೋದು ಹಳಬರಲ್ಲಿ. ಯಂಗ್ ಅಂಡ್ ರೆಸ್ಟ್‌ಲೆಸ್‌ನಲ್ಲಿ ಎರಿಕ್ ಬ್ರೇಡನ್ ಅನ್ನೋ ನಟ 1980ರಿಂದ ವಿಕ್ಟರ್ ನ್ಯೂಮನ್ ಪಾತ್ರ ಮಾಡ್ತಾ ಬಂದಿದ್ದಾರೆ. ಡೇಸ್‌ನಲ್ಲಿ ಸೂಸನ್ ಸೀಫೋರ್ತ್ ಹೇಯ್ಸ್ 1968ರಲ್ಲಿ ಜೂಲಿ ಪಾತ್ರಕ್ಕೆ ಬಂದ್ರು, ಬಿಲ್ ಹೇಯ್ಸ್ 1970ರಲ್ಲಿ ಡಗ್ ಆಗಿ ಬಂದ್ರು, ಇಬ್ರೂ 1974ರಲ್ಲಿ ನಿಜ ಜೀವನದಲ್ಲಿ ಮದುವೆ ಆದ್ರು, 1976ರಲ್ಲಿ ಡಗ್ ಜೂಲಿ ಮದುವೆ ಸೀರಿಯಲ್‌ನಲ್ಲೂ ಆಯ್ತು. 2024ರ ಜನವರಿಯಲ್ಲಿ ಬಿಲ್ 98ನೇ ವಯಸ್ಸಲ್ಲಿ ತೀರ್ಕೊಂಡ್ರು. ಈ ಸೀರಿಯಲ್‌ನ ಶೂಟಿಂಗ್ ತಿಂಗಳುಗಟ್ಟಲೆ ಮುಂಚೆ ನಡೆಯೋದ್ರಿಂದ ಡಗ್‌ಗೆ ವಿದಾಯ ಹೇಳೋ ಎಪಿಸೋಡ್‌ಗಳು ಬಂದಿದ್ದು ಆ ವರ್ಷದ ಕೊನೆಗೆ. ಗಂಡನನ್ನ ಕಳ್ಕೊಂಡ ಜೂಲಿಯಾಗಿ ನಿಂತಿದ್ದವ್ರು ಅದೇ ಸೂಸನ್. ನಡುವೆ ಹಾಕೋ ಫ್ಲ್ಯಾಶ್‌ಬ್ಯಾಕ್‌ಗೆ ವಿಗ್ ಬೇಡ ಮೇಕಪ್ ಬೇಡ, ಅದೇ ಜನದ ಹಳೇ ಫೂಟೇಜೇ ಇದೆ, ಯೌವನದಿಂದ ಮುಪ್ಪಿನವರೆಗೆ. ಮೂರು ಗಂಟೆ ಸಿನಿಮಾಗೆ ಇದು ಸಾಧ್ಯಾನೇ ಇಲ್ಲ. ಆದ್ರಿಂದ ಹಳೇ ನಟರು ಬರೋ ಸೀನು ಓಡಿಸ್ಬೇಡಿ, ಫ್ಲ್ಯಾಶ್‌ಬ್ಯಾಕ್ ಬಂದ್ರೆ ಕೈಲಿರೋ ಕೆಲ್ಸ ಬಿಟ್ಟು ನೋಡಿ.

ಬೇರೇದೆಲ್ಲ ಓಡಿಸ್ಬಹುದು. ಇಷ್ಟ ಆಗದ ಟ್ರ್ಯಾಕ್ ಇದ್ರೆ ಫಾರ್ವರ್ಡ್ ಮಾಡಿ, ಅದೇ ಮಾತು ನಾಳೆ ಇನ್ನೊಬ್ರ ಹತ್ರ ಹೇಳ್ತಾರೆ. ಪೂರ್ತಿ ಬೇಜಾರಾದ್ರೆ ತಿಂಗಳುಗಟ್ಟಲೆ ಬಿಟ್ಬಿಡಿ. ವಾಪಸ್ ಬಂದಾಗ ಹಿಂದಿಂದನ್ನ ತುಂಬ್ಕೊಳ್ಳೋಕೆ ಹೋಗ್ಬೇಡಿ, ಕೊನೇ ವಾರದ ಸಾರಾಂಶ ಎಲ್ಲಾದ್ರೂ ಒಂದ್ಸಲ ಓದ್ಕೊಂಡು, ಒಂದು ಶುಕ್ರವಾರದ ಎಪಿಸೋಡ್ ಹಾಕಿ.